ಕೆಂಪು ಗೆರೆ ಎಳೆಯುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಕಾಗುಣಿತ ತಿದ್ದುವ ತಂತ್ರಾಂಶಗಳನ್ನು ರೂಪಿಸುವ ಎಂಜಿನಿಯರ್‌ಗಳು, ಮತ್ತು ಆನ್‌ಲೈನ್ ಅರ್ಜಿ ನಮೂನೆಗಳನ್ನು ತಯಾರಿಸುವವರು

ವಿಷಯ: ಡಿಸ್ಲೆಕ್ಸಿಯಾ ಇರುವವರಿಗೆ ಸ್ಪೆಲ್ ಚೆಕ್ ಯಾಕೆ ಸಾಲುತ್ತಿಲ್ಲ ಎಂಬ ಬಗ್ಗೆ

ಮಾನ್ಯರೇ,

ನಮಸ್ಕಾರ. ಒಂದೇ ಒಂದು ಪದದಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕೆಲಸಕ್ಕೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದ್ದೆ. "ನಿಮ್ಮ ಬಗ್ಗೆ ಬರೆಯಿರಿ" ಅಂತ ಒಂದು ಚೌಕ ಇತ್ತು. ಅದನ್ನು ತುಂಬಿಸಲು ನನಗೆ ಎರಡು ಸಂಜೆ ಹಿಡಿಯಿತು. ಕೆಂಪು ಗೆರೆ ಬಂದ ಕಡೆಯೆಲ್ಲ ತಿದ್ದಿದೆ. ಕೊನೆಗೆ ಒಂದು ಗೆರೆಯೂ ಉಳಿಯಲಿಲ್ಲ. ಸಮಾಧಾನವಾಗಿ ಕಳಿಸಿದೆ.

ಸಂದರ್ಶನಕ್ಕೆ ಕರೆದರು. ಮೇಜಿನ ಆಚೆ ಕೂತವರು ಅರ್ಜಿಯ ಪ್ರತಿಯನ್ನು ನನ್ನ ಕಡೆ ತಿರುಗಿಸಿ, ಕೊನೆಯ ಸಾಲಿನ ಕೆಳಗೆ ಬೆರಳಿಟ್ಟರು. "ಇದನ್ನ ಸ್ವಲ್ಪ ಓದಿ" ಅಂದರು. ಓದಿದೆ: "ಯಾವ ಹೊಣೆ ಕೊಟ್ಟರೂ ಹೊರುತ್ತೇನೆ." "ಇನ್ನೊಂದ್ಸಲ ಓದಿ" ಅಂದರು. ಮತ್ತೆ ಅದನ್ನೇ ಓದಿದೆ. ಪಕ್ಕದಲ್ಲಿದ್ದವರು ಮುಖ ತಿರುಗಿಸಿ ನಕ್ಕರು. ಆಮೇಲೆ ಇವರೇ ಗಟ್ಟಿಯಾಗಿ ಓದಿದರು: "ಯಾವ ಹೆಣ ಕೊಟ್ಟರೂ ಹೊರುತ್ತೇನೆ."

ಕಿವಿಗೆ ಬಿದ್ದ ತಕ್ಷಣ ಗೊತ್ತಾಯಿತು. ಕಣ್ಣಿಗೆ ಮಾತ್ರ ಎರಡು ಸಲ ನೋಡಿದರೂ ಗೊತ್ತಾಗಿರಲಿಲ್ಲ. 'ಹ'ಕ್ಕೆ ಓತ್ವದ ಬದಲು ಏತ್ವ ಬಿದ್ದಿತ್ತು, 'ಣ'ದ ಏತ್ವ ಬಿಟ್ಟೇಹೋಗಿತ್ತು. ಅಷ್ಟೇ.

"ಸ್ಪೆಲ್ ಚೆಕ್ ಹಾಕಿದ್ರೆ ಆಗ್ತಿತ್ತಲ್ವಾ?" ಅಂತ ಅವರು ಕೇಳಿದರು. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಸ್ಪೆಲ್ ಚೆಕ್ ಹಾಕಿದ್ದೆ ಸ್ವಾಮಿ. ನಿಮ್ಮ ತಂತ್ರಾಂಶ ಆ ಸಾಲನ್ನು ನೋಡಿತ್ತು. ಅದಕ್ಕೆ ತಪ್ಪೇನೂ ಕಾಣಲಿಲ್ಲ, ಯಾಕೆಂದರೆ 'ಹೆಣ' ನಿಘಂಟಿನಲ್ಲಿರುವ ಪದ. ಕಾಗುಣಿತ ಸರಿಯಾಗಿಯೇ ಇದೆ. ಅವರಿಗೆ ಅವತ್ತು ಕೊಡಲಾಗದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ, ಯಾಕೆಂದರೆ ಆ ಪ್ರಶ್ನೆ ನಿಜವಾಗಿ ಸೇರಬೇಕಾದ್ದು ನಿಮಗೆ.

ನನಗೆ ಡಿಸ್ಲೆಕ್ಸಿಯಾ ಇದೆ. ಹುಟ್ಟಿನಿಂದ ಇದೆ, ಹೋಗುವಂಥದ್ದಲ್ಲ. ಇದು ಕಣ್ಣಿನ ತೊಂದರೆ ಅಲ್ಲ, ಬುದ್ಧಿ ಕಡಿಮೆ ಅಂತಲೂ ಅಲ್ಲ. ಮಾತಿನ ಸದ್ದನ್ನು ಬಿಡಿಬಿಡಿಯಾಗಿ ಹಿಡಿದು ಅಕ್ಷರಕ್ಕೆ ಹೊಂದಿಸುವ ಕೆಲಸ ಮಿದುಳಿನಲ್ಲಿ ಬೇರೆಯವರಷ್ಟು ಸಲೀಸಾಗಿ ಆಗುವುದಿಲ್ಲ. ನೂರು ಜನರಲ್ಲಿ 5ರಿಂದ 10 ಮಂದಿಗೆ ಇದು ಇರಬಹುದು ಅನ್ನುವುದು ಸಾಮಾನ್ಯವಾಗಿ ಹೇಳುವ ಅಂದಾಜು. ನಿಮ್ಮ ಬಳಕೆದಾರರ ಸಂಖ್ಯೆಗೆ ಇದನ್ನು ಹಚ್ಚಿ ನೋಡಿ. ಸಣ್ಣ ಗುಂಪೇನಲ್ಲ.

1896ರಲ್ಲಿ ಪ್ರಿಂಗಲ್ ಮಾರ್ಗನ್ ಅನ್ನುವ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ವರ್ಷದ ಒಬ್ಬ ಹುಡುಗನ ಬಗ್ಗೆ ಬರೆದರು. ಅವನ ಹೆಸರು ಪರ್ಸಿ. ಚುರುಕು ಹುಡುಗ, ಲೆಕ್ಕದಲ್ಲಿ ಗಟ್ಟಿ. ಓದು ಬರಹ ಮಾತ್ರ ಹತ್ತುತ್ತಿರಲಿಲ್ಲ. ತನ್ನ ಹೆಸರನ್ನೇ ಬರೆಯುವಾಗ ಎರಡು ಅಕ್ಷರ ಅದಲುಬದಲು ಮಾಡಿ 'ಪ್ರೆಸಿ' ಅಂತ ಬರೆದ. ಒಂದಕ್ಕಿಂತ ಹೆಚ್ಚು ಸಲ ತೋರಿಸಿ ಹೇಳುವವರೆಗೂ ಅವನಿಗೆ ಆ ತಪ್ಪು ಕಾಣಲಿಲ್ಲ. ಇದನ್ನು ಮೊದಲ ಸಲ ತಿಳಿದಾಗ ನನಗೆ ನೆನಪಾದದ್ದು "ಇನ್ನೊಂದ್ಸಲ ಓದಿ" ಅನ್ನುವ ಆ ದನಿ. ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆ ಇವನೇ ಜಾಣ ಅಂತ ಪರ್ಸಿಯ ಮೇಷ್ಟ್ರು ಹೇಳಿದ್ದರಂತೆ. ಇದಾಗಿ ನೂರಿಪ್ಪತ್ತು ವರ್ಷಗಳ ಮೇಲಾಯಿತು. ಆ ಮೇಷ್ಟ್ರು ಕಂಡುಕೊಂಡದ್ದನ್ನು ನಿಮ್ಮ ಸಾಧನಗಳು ಇನ್ನೂ ಪೂರ್ತಿ ಕಂಡುಕೊಂಡಿಲ್ಲ ಅನ್ನುವುದೇ ನನ್ನ ದೂರು.

ದೂರು ಹೇಳುವ ಮೊದಲು ಒಂದು ಮಾತು. ನಿಮ್ಮ ಸಾಧನವನ್ನು ನಾನು ದಿನಾ ಬಳಸುತ್ತೇನೆ. ಅದಿಲ್ಲದಿದ್ದರೆ ಇನ್ನೂ ಕಷ್ಟ. ಹಾಗಾಗಿ ಇದನ್ನು ಬೇಡ ಅನ್ನುವವರ ಪತ್ರ ಅಂತ ತಿಳಿಯಬೇಡಿ. ಬೇಕೇ ಬೇಕು ಅನ್ನುವವರ ಪತ್ರ ಇದು.

ಕೆಂಪು ಗೆರೆ ಎಳೆದು ಕೆಳಗೆ ನಾಲ್ಕೈದು ಪದ ತೋರಿಸುತ್ತೀರಲ್ಲ, ಆ ಪಟ್ಟಿ ಯಾರಿಗೆ ಉಪಯೋಗ? ಸರಿಯಾದ ಪದ ಕಣ್ಣಿಗೆ ಬಿದ್ದ ಕೂಡಲೇ ಗುರುತು ಹಿಡಿಯಬಲ್ಲವರಿಗೆ. ಅಂದರೆ ಕಾಗುಣಿತ ಗೊತ್ತಿದ್ದು ಕೈ ತಪ್ಪಿದವರಿಗೆ. ನನಗೆ ಆ ನಾಲ್ಕೈದು ಪದಗಳೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಬೆಲೆ, ಬೆಳೆ, ಬಳೆ. ಹುಲಿ, ಹುಳಿ. ಕರೆ, ಕೆರೆ. ಒಲೆ, ಓಲೆ. ಇವುಗಳನ್ನು ಒಂದರ ಕೆಳಗೊಂದು ಜೋಡಿಸಿ ಇಟ್ಟು "ಆರಿಸಿಕೊಳ್ಳಿ" ಅಂದರೆ ನಾನು ಮೇಲಿರುವುದನ್ನು ಒತ್ತುತ್ತೇನೆ. ಗೆರೆ ಹೋಗುತ್ತದೆ. ಗೆರೆ ಹೋಯಿತು ಅಂದರೆ ಸರಿಯಾಯಿತು ಅಂತ ನಂಬುತ್ತೇನೆ. ಕಾಗುಣಿತ ಬಾರದವರಿಗೆ ಅಂತ ಹೇಳಿಕೊಂಡು ಬಂದ ಸಾಧನ, ಕಾಗುಣಿತ ಬಲ್ಲವರಿಗೇ ಜಾಸ್ತಿ ಒದಗುತ್ತಿದೆ.

ಮೇಲಿನದನ್ನು ಒತ್ತಿಬಿಡುವುದು ಡಿಸ್ಲೆಕ್ಸಿಯಾ ಇರುವವರ ಅಭ್ಯಾಸ ಮಾತ್ರ ಅಲ್ಲ. ಹಿಂದೆ ಕೆಲವು ಇಂಗ್ಲಿಷ್ ಸ್ಪೆಲ್ ಚೆಕ್ಕರ್‌ಗಳ ನಿಘಂಟಿನಲ್ಲಿ 'ಕೋ-ಆಪರೇಷನ್' ನಡುಗೆರೆಯ ಜೊತೆಗೆ ಮಾತ್ರ ಇತ್ತು. ಗೆರೆ ಇಲ್ಲದೆ ಬರೆದರೆ ತಪ್ಪು ಅಂತ ಹೇಳಿ, ಮೊದಲ ಸಲಹೆಯಾಗಿ ಅಮೆರಿಕದ 'ಕ್ಯುಪರ್ಟಿನೊ' ಊರಿನ ಹೆಸರು ಕೊಡುತ್ತಿತ್ತು. ಯುರೋಪಿಯನ್ ಒಕ್ಕೂಟದ, ವಿಶ್ವಸಂಸ್ಥೆಯ ದಾಖಲೆಗಳಲ್ಲೇ 'ಸಹಕಾರ' ಇರಬೇಕಾದ ಜಾಗದಲ್ಲಿ ಆ ಊರು ಬಂದು ಕೂತಿತು. ಬರಹವೇ ಕಸುಬಾಗಿರುವವರ ಕೈಯಲ್ಲಿ ಹೀಗಾಯಿತು. ಅವರಿಗಾದರೂ ಮತ್ತೊಮ್ಮೆ ನೋಡಿದರೆ ತಪ್ಪು ಕಾಣುತ್ತದೆ.

ಇನ್ನು ಸಲಹೆಗಳು ಹುಟ್ಟುವ ಬಗೆ. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. 1964ರಲ್ಲಿ ಫ್ರೆಡ್ ಡ್ಯಾಮರೋ ಅನ್ನುವವರು ತಪ್ಪುಗಳನ್ನು ಎಣಿಸಿ ನೋಡಿದರು. ನೂರಕ್ಕೆ 80ಕ್ಕಿಂತ ಹೆಚ್ಚು ತಪ್ಪುಗಳು ನಾಲ್ಕೇ ಬಗೆಯವು: ಒಂದು ಅಕ್ಷರ ಜಾಸ್ತಿ, ಒಂದು ಕಡಿಮೆ, ಒಂದರ ಬದಲು ಇನ್ನೊಂದು, ಅಕ್ಕಪಕ್ಕದ ಎರಡು ಅದಲುಬದಲು. 1971ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ರಾಲ್ಫ್ ಗೋರಿನ್ ಬರೆದ ಪ್ರೋಗ್ರಾಂ ಇಂಥ ಒಂದಕ್ಷರದ ತಪ್ಪುಗಳನ್ನೇ ಹಿಡಿದು ಸಲಹೆ ಕೊಡುತ್ತಿತ್ತು. ಬರೆದ ಪದದಿಂದ ಸರಿಪದಕ್ಕೆ ಎಷ್ಟು ಹೆಜ್ಜೆ ಅಂತ ಎಣಿಸುವ ಈ ಪದ್ಧತಿ ಇವತ್ತಿಗೂ ನಿಮ್ಮ ಕೆಲಸದ ಅಡಿಪಾಯದಲ್ಲಿದೆ.

ನನ್ನ ತಪ್ಪುಗಳು ಆ ಲೆಕ್ಕಕ್ಕೆ ಸಿಗುವುದಿಲ್ಲ. 'ವ್ಯವಸ್ಥೆ' ಅನ್ನುವುದನ್ನು ನಾನು ಅವಸರದಲ್ಲಿ 'ವೆವಸ್ತೆ' ಅಂತ ಬರೆಯುತ್ತೇನೆ. ಬಾಯಲ್ಲಿ ಹೇಳಿ ನೋಡಿ, ಯಾರಿಗಾದರೂ ಅರ್ಥವಾಗುತ್ತದೆ. ಯಂತ್ರದ ಲೆಕ್ಕದಲ್ಲಿ ಮಾತ್ರ ಅದು ಮೂರು ಹೆಜ್ಜೆ ದೂರ. ಒತ್ತಕ್ಷರದ ಗುರುತು ಹೋಗಿದೆ, 'ಯ' ಹೋಗಿ ಏತ್ವ ಬಂದಿದೆ, 'ಥ' ಇರುವ ಕಡೆ 'ತ' ಇದೆ. ಎಷ್ಟೋ ಸಲ "ಸಲಹೆಗಳಿಲ್ಲ" ಅಂತ ಬರುತ್ತದೆ. ಆ ಒಂದು ಮಾತು ನೋಡಿದಾಗ ಎಷ್ಟು ಕುಗ್ಗಿಹೋಗುತ್ತೇನೆ ಅಂತ ನಿಮಗೆ ಹೇಗೆ ಹೇಳಲಿ? ಯಂತ್ರಕ್ಕೂ ಗೊತ್ತಾಗದಷ್ಟು ಕೆಟ್ಟದಾಗಿ ಬರೆದಿದ್ದೇನೆ ಅನ್ನಿಸುತ್ತದೆ. ಆಗ ಆ ಪದವನ್ನೇ ಬಿಟ್ಟು ನನಗೆ ಬರೆಯಲು ಬರುವ ಸುಲಭದ ಪದ ಹಾಕುತ್ತೇನೆ. ಹೇಳಬೇಕಿದ್ದದ್ದು ಒಂದು, ಹೇಳಿದ್ದು ಇನ್ನೊಂದು. ಹೀಗೆ ವರ್ಷಗಟ್ಟಲೆ ನಾನು ನನ್ನ ಅರ್ಧ ಮಾತಿನಲ್ಲೇ ಬರೆದಿದ್ದೇನೆ.

ಸದ್ದಿನ ಮೇಲೆ ಪದ ಹುಡುಕುವುದು ಹೊಸ ವಿದ್ಯೆಯೇನಲ್ಲ. ಒಂದೇ ಥರ ಕೇಳಿಸುವ ಹೆಸರುಗಳನ್ನು ಒಂದೇ ಗುಂಪಿಗೆ ಹಾಕುವ ಸೌಂಡೆಕ್ಸ್ ಪದ್ಧತಿಗೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಕಂಪ್ಯೂಟರ್ ಹುಟ್ಟುವ ಮೊದಲು! ಕೆಲವು ತಂತ್ರಾಂಶಗಳು ಈ ದಾರಿ ಬಳಸುತ್ತಿವೆ ನಿಜ. ಆದರೆ ಅದು ಇಂಗ್ಲಿಷಿಗೆ ದಕ್ಕಿದಷ್ಟು ಕನ್ನಡಕ್ಕೆ ದಕ್ಕಿಲ್ಲ.

ಕನ್ನಡದ ಮಾತು ಬಂದಿದ್ದರಿಂದ ಇನ್ನೊಂದು ಕಷ್ಟ ಹೇಳಿಬಿಡುತ್ತೇನೆ. ನಮ್ಮ ಪದಗಳು ಒಂದಕ್ಕೊಂದು ಅಂಟಿಕೊಂಡು ಬೆಳೆಯುತ್ತವೆ. 'ಬರೆಯಲಾಗದವರಿಗೂ' ಅನ್ನುವುದು ಒಂದೇ ಪದ, ಸರಿಯಾದ ಪದ. ಇಂಥ ಪದಗಳ ಕೆಳಗೂ ಕೆಂಪು ಗೆರೆ ಬರುತ್ತದೆ, ಯಾಕೆಂದರೆ ಇಡೀ ರೂಪ ನಿಮ್ಮ ಪಟ್ಟಿಯಲ್ಲಿ ಇಲ್ಲ. ಕಾಗುಣಿತ ಬಲ್ಲ ನನ್ನ ಸ್ನೇಹಿತರು "ಅದಕ್ಕೆ ಗೊತ್ತಿಲ್ಲ ಬಿಡು" ಅಂತ ಮುಂದೆ ಹೋಗುತ್ತಾರೆ. ನಾನು ಹಾಗೆ ಹೋಗಲಾರೆ. ಯಂತ್ರ ತಪ್ಪೋ ನಾನು ತಪ್ಪೋ ಅನ್ನುವುದು ನನಗೆ ತಿಳಿಯುವುದಿಲ್ಲ. ಸರಿಯಾಗಿ ಬರೆದಿದ್ದ ಪದಗಳನ್ನು ನಾನೇ ಕೂತು ಕೆಡಿಸಿದ್ದೇನೆ, ಗೆರೆ ಹೋಗಲಿ ಅಂತ. ಹಂಗೇರಿಯನ್ ಭಾಷೆಯ ಪದಗಳೂ ಹೀಗೇ ಬೆಳೆಯುತ್ತವೆ. ಆ ಭಾಷೆಗಾಗಿ ಹುಟ್ಟಿದ ಸ್ಪೆಲ್ ಚೆಕ್ಕರ್ ಹನ್‌ಸ್ಪೆಲ್ ಇವತ್ತು ಫೈರ್‌ಫಾಕ್ಸ್, ಲಿಬ್ರೆಆಫೀಸ್‌ನಂಥ ತಂತ್ರಾಂಶಗಳ ಒಳಗೆ ಎಷ್ಟೋ ಭಾಷೆಗಳಿಗೆ ಕೆಲಸ ಮಾಡುತ್ತಿದೆ. ದಾರಿ ಇದೆ ಅಂತಾಯಿತು. ಪ್ರತ್ಯಯಗಳ ಪಟ್ಟಿಗೆ ಕೂತು ಬೆವರು ಹರಿಸುವವರು ಬೇಕು, ಅವರಿಗೆ ನೀವು ಸಂಬಳ ಕೊಡಬೇಕು.

"ಈಗ ಎಐ ಇದೆಯಲ್ಲ, ಇಡೀ ಪ್ಯಾರಾನೇ ತಿದ್ದಿ ಕೊಡುತ್ತೆ" ಅಂತ ನೀವು ಹೇಳಬಹುದು. ನಾನೂ ಹಾಗೇ ಆಸೆಪಟ್ಟಿದ್ದೆ. ಸಾಲಿನ ಅರ್ಥ ನೋಡಿ ತಿದ್ದುವುದರಿಂದ 'ಹೆಣ'ದಂಥ ತಪ್ಪು ಅದಕ್ಕೆ ಸಿಕ್ಕುವ ಸಂಭವ ಜಾಸ್ತಿ. ಆದರೆ ಏನಾಯಿತು ಕೇಳಿ. ಅಪ್ಪ ತೀರಿಕೊಂಡ ಮೇಲೆ ಹಳೆಯ ಗೆಳತಿಯೊಬ್ಬಳಿಗೆ ಪತ್ರ ಬರೆದೆ. "ಅಪ್ಪ ಹೋದ ಮೇಲೆ ಮನೆ ದೊಡ್ಡದಾಯಿತು" ಅಂತ ಒಂದು ಸಾಲು ಬರೆದಿದ್ದೆ. ಕಾಗುಣಿತ ತಿದ್ದಿಕೊಡು ಅಂತ ಎಐಗೆ ಹಾಕಿದೆ. ಅದು ಚೊಕ್ಕಟವಾದ ಒಂದು ಪುಟ ಕೊಟ್ಟಿತು. ಪುಟ ಪೂರ್ತಿ ಓದಿ ಹೋಲಿಸಿ ನೋಡುವುದು ನನಗೆ ಆಗದ ಕೆಲಸ, ಹಾಗಾಗಿ ನಂಬಿ ಕಳಿಸಿದೆ. ಗೆಳತಿ ಉತ್ತರ ಬರೆದಳು: "ದುಃಖದಲ್ಲೂ ಮನೆ ಕಟ್ಟಿಸೋ ಕೆಲಸ ಮುಗಿಸಿದ್ಯಲ್ಲ, ದೊಡ್ಡದು." ನನಗೆ ತಲೆಬುಡ ಅರ್ಥವಾಗಲಿಲ್ಲ. ಕಳಿಸಿದ್ದನ್ನು ಫೋನಿನಿಂದ ಓದಿಸಿ ಕೇಳಿದೆ. "ತಂದೆಯವರ ನಿಧನದ ನಂತರ ಮನೆಯನ್ನು ವಿಸ್ತರಿಸಲಾಯಿತು" ಅಂತ ಇತ್ತು.

ಮನೆ ಅಷ್ಟೇ ಇದೆ. ಒಬ್ಬರು ಕಡಿಮೆಯಾಗಿದ್ದಾರೆ. ಅದನ್ನು ಹೇಳಿದ್ದೆ ನಾನು. ಕೇಳಿದ್ದು ಕಾಗುಣಿತ, ತಿದ್ದಿದ್ದು ನನ್ನ ಮಾತು. ಎಲ್ಲೆಲ್ಲಿ ಕೈ ಹಾಕಿದೆ ಅಂತ ತೋರಿಸಲೂ ಇಲ್ಲ.

ಈ ಎರಡೂ ಸಲ, ಅರ್ಜಿಯಲ್ಲೂ ಪತ್ರದಲ್ಲೂ, ತಪ್ಪು ಹಿಡಿದದ್ದು ಯಾವುದು ಗಮನಿಸಿದಿರಾ? ಕಿವಿ. ನಮ್ಮಲ್ಲಿ ಹೆಚ್ಚಿನವರಿಗೆ ಮಾತು ಕೇಳಿ ಅರ್ಥ ಮಾಡಿಕೊಳ್ಳುವುದರಲ್ಲಿ ಕೊರತೆಯಿಲ್ಲ. ಹಾಗಾಗಿ ನನ್ನ ಮೊದಲ ಬೇಡಿಕೆ ಇದು: ಬರೆಯುವ ಪ್ರತಿಯೊಂದು ಚೌಕದ ಪಕ್ಕದಲ್ಲೂ ಕೇಳಿಸುವ ಗುಂಡಿ ಇರಲಿ. ಸಲಹೆಯ ಪಟ್ಟಿಯಲ್ಲಿರುವ ಪ್ರತಿ ಪದವನ್ನೂ ಮುಟ್ಟಿದರೆ ಅದು ಮಾತಾಡಲಿ. ಓದಿ ಹೇಳುವ ತಂತ್ರಾಂಶ ಫೋನಿನಲ್ಲಿ ಈಗಾಗಲೇ ಇದೆ, ಒಪ್ಪುತ್ತೇನೆ. ಆದರೆ ಅದು ಸೆಟ್ಟಿಂಗ್ಸ್ ಒಳಗೆ ನಾಲ್ಕು ಬಾಗಿಲು ದಾಟಿದ ಮೇಲೆ ಸಿಗುತ್ತದೆ, ಮತ್ತು ಆ ಬಾಗಿಲುಗಳ ಮೇಲೆಲ್ಲ ಓದಬೇಕಾದ ಹೆಸರುಗಳಿವೆ. ಓದಲು ಕಷ್ಟಪಡುವವರಿಗೆ ಅದನ್ನು ಅಲ್ಲಿ ಬಚ್ಚಿಟ್ಟರೆ ಹೇಗೆ?

ಕೇಳಿಸಿದರೆ ಎಲ್ಲ ಮುಗಿಯಿತು ಅಂತಲೂ ಅಲ್ಲ. ಕನ್ನಡದಲ್ಲಿ ಬರೆದಂತೆ ಓದುವುದು ಜಾಸ್ತಿ, ಹಾಗಾಗಿ ಇಲ್ಲಿ ಕಿವಿ ಚೆನ್ನಾಗಿ ಕೆಲಸ ಮಾಡುತ್ತದೆ. ಇಂಗ್ಲಿಷ್‌ನಲ್ಲಿ 'ದೇರ್' ಅಂತ ಕೇಳಿಸುವ ಪದಗಳು ಒಂದಕ್ಕಿಂತ ಹೆಚ್ಚಿವೆ. 'ಅಲ್ಲಿ' ಅನ್ನುವುದೂ ಅದೇ ಸದ್ದು, 'ಅವರ' ಅನ್ನುವುದೂ ಅದೇ ಸದ್ದು. ಅಲ್ಲಿ ಕಿವಿಯೂ ಕೈ ಕೊಡುತ್ತದೆ. ಭಾಷೆ ಭಾಷೆಗೆ ಕಷ್ಟ ಬೇರೆ ಬೇರೆ. 2001ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಇಟಾಲಿಯನ್, ಫ್ರೆಂಚ್, ಇಂಗ್ಲಿಷ್ ಮಾತಾಡುವ ಡಿಸ್ಲೆಕ್ಸಿಯಾ ಇರುವವರನ್ನು ಹೋಲಿಸಿತ್ತು. ಬರೆದಂತೆ ಓದುವ ಇಟಾಲಿಯನ್‌ನವರು ಓದುವುದರಲ್ಲಿ ಉಳಿದವರಿಗಿಂತ ಮೇಲಿದ್ದರು. ಆದರೆ ಮಿದುಳಿನ ಸ್ಕ್ಯಾನ್‌ನಲ್ಲಿ ಮೂರೂ ಗುಂಪಿನಲ್ಲಿ ಕಂಡ ವ್ಯತ್ಯಾಸ ಒಂದೇ. ಕಿವಿಯೊಂದೇ ಎಲ್ಲ ಕಡೆ ಸಾಲದಾದ್ದರಿಂದ ಸದ್ದಿನ ಜೊತೆಗೆ ಅರ್ಥವನ್ನೂ ತೋರಿಸಿ. 'ಬೆಳೆ' ಅಂದರೆ ಪೈರು, 'ಬೆಲೆ' ಅಂದರೆ ದರ, 'ಬಳೆ' ಕೈಗೆ ಹಾಕುವುದು. ಪದದ ಪಕ್ಕ ಇಷ್ಟು ಸಾಕು, ಅಥವಾ ಒಂದು ಸಣ್ಣ ಚಿತ್ರ.

ನನ್ನ ತಪ್ಪುಗಳು ನನಗೆ ಗೊತ್ತು ಅನ್ನುವುದನ್ನೂ ನೀವು ಬಳಸಿಕೊಳ್ಳಬಹುದು. ನಾನು ಎಡವುವ ಜೋಡಿಗಳು ಹೆಚ್ಚೆಂದರೆ ನಲವತ್ತೋ ಐವತ್ತೋ. 'ಹೊಣೆ-ಹೆಣ' ಅದರಲ್ಲಿ ಒಂದು. ಆ ಪಟ್ಟಿಯನ್ನು ನಾನೇ ಸೇರಿಸಲು ಬಿಡಿ. ಆ ಪದ ಬಂದಾಗಲೆಲ್ಲ, ಕಾಗುಣಿತ ಸರಿ ಇದ್ದರೂ, ಬೇರೆ ಬಣ್ಣದಲ್ಲಿ ಒಂದು ಗುರುತು ತೋರಿಸಿ. "ಇದು ನೀವು ಹೇಳಬೇಕಿದ್ದ ಪದವೇನಾ?" ಅಂತ ಕೇಳಿದರೆ ಸಾಕು. ತಾನಾಗಿ ಬದಲಾಯಿಸುವುದು ಮಾತ್ರ ಬೇಡ. ಬದಲಾಯಿಸಲೇಬೇಕು ಅಂದರೆ ಯಾವುದನ್ನು ಯಾವುದಕ್ಕೆ ಬದಲಾಯಿಸಿದಿರಿ ಅಂತ ಕಣ್ಣಿಗೆ ಕಾಣುವಂತೆ ಇಡಿ. ಎಐ ಸಾಧನ ಮಾಡುವವರು 'ಕಾಗುಣಿತ ಮಾತ್ರ' ಅನ್ನುವ ಒಂದು ಆಯ್ಕೆ ಕೊಡಿ, ಮತ್ತು ಅದು ನಿಜವಾಗಿ ಕಾಗುಣಿತ ಮಾತ್ರ ಮುಟ್ಟಲಿ.

ಅರ್ಜಿ ನಮೂನೆ ತಯಾರಿಸುವವರಲ್ಲಿ ಒಂದೆರಡು ಮಾತು. ಸ್ಪೆಲ್ ಚೆಕ್ ಎಲ್ಲ ಚೌಕದಲ್ಲೂ ಇರುತ್ತದೆ ಅಂತ ಜನ ಅಂದುಕೊಂಡಿದ್ದಾರೆ. ಇರುವುದಿಲ್ಲ. ಒಂದೇ ಸಾಲಿನ ಚೌಕಗಳನ್ನು ತಾನಾಗಿ ಪರೀಕ್ಷಿಸದ ಬ್ರೌಸರ್‌ಗಳಿವೆ. ಪುಟ ಬರೆಯುವವರು ಎಚ್‌ಟಿಎಂಎಲ್‌ನಲ್ಲಿ ಒಂದು ಸಣ್ಣ ಸೂಚನೆ ಸೇರಿಸಿ ಅದನ್ನು ಪೂರ್ತಿ ಆಫ್ ಕೂಡ ಮಾಡಬಹುದು. ಸುಮ್ನೆ ಆಫ್ ಮಾಡಬೇಡಿ. ಪಾಸ್‌ವರ್ಡ್ ಚೌಕದಲ್ಲಿ ಪೇಸ್ಟ್ ಮಾಡುವುದನ್ನು ತಡೆಯಬೇಡಿ. ಹನ್ನೆರಡು ಅಕ್ಷರಗಳನ್ನು, ಕಾಣದ ಚುಕ್ಕಿಗಳಲ್ಲಿ, ತಪ್ಪಿಲ್ಲದೆ ನಕಲು ಮಾಡು ಅನ್ನುವುದು ನನ್ನಂಥವರಿಗೆ ಮುಚ್ಚಿದ ಬಾಗಿಲು. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2023ರ ಅಕ್ಟೋಬರ್‌ನಲ್ಲಿ ಹೊರತಂದ ಡಬ್ಲ್ಯುಸಿಎಜಿ 2.2 ಮಾರ್ಗಸೂಚಿ (ವೆಬ್ ಪುಟಗಳನ್ನು ಅಂಗವೈಕಲ್ಯ ಇರುವವರೂ ಬಳಸುವಂತೆ ಮಾಡುವ ಸೂತ್ರಗಳು) ಇದನ್ನೇ ಹೇಳುತ್ತದೆ: ಲಾಗಿನ್ ಆಗಲು ಅಕ್ಷರಗಳನ್ನು ನೆನಪಿಟ್ಟು ಅಥವಾ ನೋಡಿ ನಕಲು ಮಾಡುವುದೊಂದೇ ದಾರಿ ಆಗಿರಬಾರದು. ಅರ್ಜಿ ಕರೆದ ಕೆಲಸಕ್ಕೆ ಕಾಗುಣಿತ ಬೇಕಿಲ್ಲದಿದ್ದರೆ, "ಕಾಗುಣಿತದ ತಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ" ಅಂತ ಚೌಕದ ಮೇಲೆ ಒಂದು ಸಾಲು ಬರೆಯಿರಿ. ಅಂಥ ಸಾಲನ್ನು ನನ್ನ ಜೀವನದಲ್ಲಿ ಒಂದೇ ಸಲ ನೋಡಿದ್ದೇನೆ. ಅವತ್ತು ಅರ್ಜಿ ಬರೆದು ಮುಗಿಸಲು ಎರಡು ಸಂಜೆ ಬೇಕಾಗಲಿಲ್ಲ. ಅರ್ಧ ಗಂಟೆಯಲ್ಲಿ, ನನಗೆ ಬೇಕಾದ ಪದಗಳಲ್ಲೇ ಬರೆದು ಕಳಿಸಿದೆ.

ಕೊನೆಯ ಬೇಡಿಕೆ. ಹೊಸ ಸಾಧನವೊಂದನ್ನು ಹೊರಗೆ ಬಿಡುವ ಮೊದಲು ಡಿಸ್ಲೆಕ್ಸಿಯಾ ಇರುವ ನಾಲ್ಕಾರು ಜನರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಬರೆಯುವಾಗ ಸುಮ್ಮನೆ ನೋಡಿ. ಎಲ್ಲಿ ಕೈ ನಿಲ್ಲುತ್ತದೆ, ಯಾವ ಪದ ಬಿಟ್ಟುಬಿಡುತ್ತಾರೆ, ಪಟ್ಟಿಯಲ್ಲಿ ಯಾವುದನ್ನು ಕಣ್ಣುಮುಚ್ಚಿ ಒತ್ತುತ್ತಾರೆ ನೋಡಿ. ಒಂದು ಮಧ್ಯಾಹ್ನ ಸಾಕು. ಕರೆದರೆ ನಾನು ಬರುತ್ತೇನೆ. ನಿಮ್ಮ ಸಾಧನ ಪರೀಕ್ಷಿಸುವ ಹೊಣೆ ಕೊಟ್ಟರೆ ಸಂತೋಷವಾಗಿ ಹೊರುತ್ತೇನೆ. ಈ ಸಾಲನ್ನು ಫೋನಿನಿಂದ ಮೂರು ಸಲ ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ಇಂತಿ,
ನಿಮ್ಮ ಸಾಧನಗಳನ್ನು ದಿನವೂ ಬಳಸುವ ಒಬ್ಬರು